ಬೀಗ ಎಲ್ಲಿ ಹಾಕೋಣ?

ಆ್ಯಪ್ ಮಾಡುವುದು ಒಂದು ತಲೆನೋವಾದರೆ, ಅದರಲ್ಲಿ ಯಾವುದು ಫ್ರೀ, ಯಾವುದಕ್ಕೆ ದುಡ್ಡು ಅಂತ ಗೆರೆ ಎಳೆಯುವುದು ಇನ್ನೊಂದು. ಕೋಡ್ ತಪ್ಪಿದರೆ ಕಂಪ್ಯೂಟರ್ ಎಷ್ಟೋ ಸಲ ತಕ್ಷಣ ಗದರುತ್ತದೆ. ಗೆರೆ ತಪ್ಪಿದರೆ ಯಾರೂ ಗದರುವುದಿಲ್ಲ. ಸುಮ್ನೆ ಅನ್‌ಇನ್‌ಸ್ಟಾಲ್ ಮಾಡಿ ಹೋಗುತ್ತಾರೆ.

ಮಾಡುವವರಿಗೆ ಒಂದು ಆಸೆ ಇರುತ್ತದೆ. ನಿದ್ದೆಗೆಟ್ಟು ಮಾಡಿದ ಫೀಚರ್‌ಗೇ ಬೆಲೆ ಜಾಸ್ತಿ ಇರಬೇಕು ಅಂತ. ಬಳಸುವವರಿಗೆ ನಮ್ಮ ನಿದ್ದೆಯ ಲೆಕ್ಕ ಯಾಕೆ ಬೇಕು, ಅಲ್ವಾ? ನೆಟ್ ಇಲ್ಲದಾಗ ಎರಡು ಫೋನ್‌ಗಳಲ್ಲಿ ಬರೆದದ್ದನ್ನು ಆಮೇಲೆ ಗೊಂದಲವಿಲ್ಲದೆ ಒಟ್ಟು ಸೇರಿಸುವುದು ಜೀವ ಹಿಂಡುವ ಕೆಲಸ. ಅದು ಸರಿಯಾಗಿ ನಡೆದಷ್ಟು ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಫಿ ಕುಡಿಯುತ್ತಾ ಮುಗಿಸಿದ ನಾಲ್ಕು ಬಣ್ಣದ ಥೀಮ್‌ಗೆ ಮಾತ್ರ ಜನ ಖುಷಿಯಿಂದ ದುಡ್ಡು ಕೊಟ್ಟುಬಿಡುತ್ತಾರೆ.

ಹಾಗಾಗಿ ಫೀಚರ್‌ಗೆ ಬೀಗ ಹಾಕುವುದಕ್ಕಿಂತ ಅಳತೆಗೆ ಬೀಗ ಹಾಕುವುದು ಜಾಣತನ ಅಂತ ನನ್ನ ಲೆಕ್ಕ. ಝೂಮ್ ನೋಡಿ. ಫ್ರೀ ಮೀಟಿಂಗಿಗೆ 40 ನಿಮಿಷ. ಕುಶಲ ವಿಚಾರಿಸಿ, ‘ನನ್ನ ಮಾತು ಕೇಳಿಸ್ತಿದ್ಯಾ’ ಅಂತ ಕೇಳಿ, ವಿಷಯಕ್ಕೆ ಬರುವಷ್ಟು ಹೊತ್ತು ಸಿಗುತ್ತದೆ. ಮುಗಿಸುವಷ್ಟು ಸಿಗುವುದಿಲ್ಲ. (ಕೆಲವು ಮೀಟಿಂಗ್‌ಗಳ ಮಟ್ಟಿಗೆ ಆ ಮಿತಿಯೇ ಒಳ್ಳೆಯ ಫೀಚರ್. ಅದಕ್ಕೇ ದುಡ್ಡು ಕೇಳಬಹುದಿತ್ತು.) ಫೈಲ್‌ಗಳನ್ನು ನೆಟ್‌ನಲ್ಲಿ ಇಡುವ ಡ್ರಾಪ್‌ಬಾಕ್ಸ್ ಫ್ರೀಯಾಗಿ ಕೊಡುವುದು 2 ಜಿಬಿ ಜಾಗ. ಜಾಸ್ತಿ ಇಟ್ಟವರಿಂದ ಕಂಪನಿಗೂ ಖರ್ಚು ಜಾಸ್ತಿ. ಇಂಥ ಕಡೆ ದುಡ್ಡು ಕೇಳಿದರೆ ಯಾರೂ ಅಷ್ಟು ಮುನಿಸಿಕೊಳ್ಳುವುದಿಲ್ಲ.

ಮುನಿಸು ಬರುವುದು ಕೊಟ್ಟದ್ದನ್ನು ಕಿತ್ತುಕೊಂಡಾಗ. ಗೂಗಲ್ ಫೋಟೋಸ್ 2015ರಲ್ಲಿ ಬಂದಾಗ, ಸ್ವಲ್ಪ ಕುಗ್ಗಿಸಿದ ಫೋಟೋಗಳನ್ನು ಎಷ್ಟು ಬೇಕಾದರೂ ಇಡಿ ಎಂದಿತ್ತು. 2021ರ ಜೂನ್ 1ರಿಂದ ಹೊಸ ಫೋಟೋಗಳು ಬಹುತೇಕ ಎಲ್ಲರಿಗೂ ಗೂಗಲ್ ಖಾತೆಯ ಫ್ರೀ 15 ಜಿಬಿಯ ಲೆಕ್ಕಕ್ಕೆ ಬಂದವು. ಹಳೆಯವನ್ನು ಮುಟ್ಟಲಿಲ್ಲ, ಅಷ್ಟರ ಮಟ್ಟಿಗೆ ಪುಣ್ಯ. ಆದರೂ ಜನ ಗೊಣಗಿದರು. ಟಿಪ್ಪಣಿ ಬರೆದಿಡುವ ಎವರ್‌ನೋಟ್ ಆ್ಯಪ್ 2016ರಲ್ಲಿ ಫ್ರೀ ಬಳಕೆದಾರರಿಗೆ ಎರಡೇ ಸಾಧನ ಎಂದಾಗಲೂ ಅದೇ ಗೊಣಗಾಟ. ವಾಟ್ಸಾಪ್ ಅದೇ ವರ್ಷ ತನ್ನ ವರ್ಷಕ್ಕೊಂದು ಡಾಲರ್ ಶುಲ್ಕವನ್ನು ಕೈಬಿಟ್ಟಿತು. ಅದಕ್ಕೆ ಯಾರು ಗೊಣಗುತ್ತಾರೆ! ಅನುಮಾನವಿದ್ದರೆ ಮೊದಲು ದುಡ್ಡಿನ ಕಡೆ ಇಟ್ಟು, ಆಮೇಲೆ ಫ್ರೀ ಮಾಡುವುದೇ ಸಲೀಸು.

ಇನ್ನು ಎಕ್ಸ್‌ಪೋರ್ಟ್ ಬಟನ್. ನಾನೇ ಬರೆದ ಟಿಪ್ಪಣಿಗಳನ್ನು ಹೊರಗೆ ಒಯ್ಯಲು ನನ್ನಿಂದಲೇ ದುಡ್ಡು ಕೇಳುವ ಆ್ಯಪ್‌ಗಳೂ ಇವೆ. ಇದಕ್ಕೆ ಮಾತ್ರ ನನ್ನ ಹತ್ತಿರ ಯಾವ ರಿಯಾಯಿತಿಯೂ ಇಲ್ಲ. ಸರ್ವರ್ ಖರ್ಚು, ಸಂಬಳ, ಆ್ಯಪ್ ಸ್ಟೋರ್‌ನ ಕಮಿಷನ್ ಎಲ್ಲ ಒಪ್ಪುತ್ತೇನೆ. ಇದ್ದದ್ದನ್ನು ಒಂದು ಫೈಲ್‌ಗೆ ಬರೆದು ಕೊಡುವುದಕ್ಕೆ ಎಷ್ಟು ಖರ್ಚಾಗುತ್ತದೆ ಸ್ವಾಮಿ?