ಸೀಸದಕಡ್ಡಿಯೂ ಹಳದಿ ಕಿಟಕಿಯೂ

ಪೆನ್ಸಿಲ್ ಕಚ್ಚುವ ಹುಡುಗನಿಗೆ ಮೇಷ್ಟ್ರು ಗದರುತ್ತಾರೆ: "ಏಯ್, ಬಾಯಿಂದ ತೆಗಿಯೋ, ಸೀಸ ಹೊಟ್ಟೆಗೆ ಹೋಗುತ್ತೆ!" ಸೀಸದಕಡ್ಡಿ ಎಂಬ ಅಪವಾದ ಹೊತ್ತ ಆ ಬಡಪಾಯಿಯೊಳಗೆ ಇರುವುದು ಗ್ರಾಫೈಟು, ಒಂದಿಷ್ಟು ಜೇಡಿಮಣ್ಣು. ಬೈಸಿಕೊಂಡ ಹುಡುಗ ಪೆನ್ಸಿಲ್ ಕೆಳಗಿಟ್ಟು, ಪಕ್ಕದ ಕಿಟಕಿ ಚೌಕಟ್ಟಿನಲ್ಲಿ ಎದ್ದಿರುವ ಹಳದಿ ಬಣ್ಣದ ಚಕ್ಕೆಯನ್ನು ಉಗುರಿನಿಂದ ಕೀಳತೊಡಗುತ್ತಾನೆ. ಅದಕ್ಕೆ ಯಾರ ತಕರಾರೂ ಇಲ್ಲ. ಸೀಸ ಹುಡುಕಬೇಕಾದ ಜಾಗ ಮಾತ್ರ ಅದೇ.

ಹಳೆಯ ಶಾಲೆಗಳ ಗೋಡೆಗೆ ಒಂದು ಶಾಸ್ತ್ರವಿದೆ. ಮೇಲ್ಭಾಗಕ್ಕೆ ಸುಣ್ಣ ಅಥವಾ ಡಿಸ್ಟೆಂಪರ್. ನೆಲದಿಂದ ನಾಲ್ಕಡಿಯವರೆಗೆ ಆಯಿಲ್ ಪೇಂಟ್, ಮಕ್ಕಳ ಕೈಕೊಳೆ ಹತ್ತಿದರೆ ಒರೆಸಬಹುದಲ್ಲ ಎಂದು. ಸುಣ್ಣಕ್ಕೆ ಸೀಸದ ಹಂಗಿಲ್ಲ. ಆಯಿಲ್ ಪೇಂಟ್, ಅಂದರೆ ಹಳೆಯ ಎನಾಮಲ್‌ನಲ್ಲಾದರೋ ಸೀಸ ಎರಡು ಕೆಲಸ ಮಾಡುತ್ತಿತ್ತು: ಲೆಡ್ ಕ್ರೋಮೇಟ್ ಆಗಿ ಹಳದಿ, ಕಿತ್ತಳೆ ಬಣ್ಣ ಕೊಡುತ್ತಿತ್ತು, ಬೇರೆ ರೂಪದಲ್ಲಿ ಸೇರಿ ಬಣ್ಣವನ್ನು ಬೇಗ ಒಣಗಿಸುತ್ತಿತ್ತು. ಹೀಗಾಗಿ ಹೆಡ್ ಮೇಷ್ಟ್ರ ತಲೆಯ ಎತ್ತರದಲ್ಲಿ ಸುಣ್ಣ, ಒಂದನೇ ಕ್ಲಾಸಿನ ಮೂಗಿನ ಎತ್ತರದಲ್ಲಿ ಎನಾಮಲ್. ಮಕ್ಕಳ ಕೊಳೆ ಗೋಡೆಗೆ ಹತ್ತಬಾರದೆಂಬ ಕಾಳಜಿ ಎಸ್ಟಿಮೇಟಿನಲ್ಲಿತ್ತು. ಗೋಡೆಯ ಕೊಳೆ ಮಕ್ಕಳಿಗೆ ಹತ್ತುವುದಕ್ಕೆ ಪ್ರತ್ಯೇಕ ಕಾಲಂ ಇರಲಿಲ್ಲ.

ಕಾನೂನು ಇದೆಯಲ್ಲ ಎನ್ನುತ್ತೀರಿ. ಇದೆ. ಕೇಂದ್ರ ಸರ್ಕಾರ 2016ರಲ್ಲಿ ನಿಯಮ ತಂದು, 2017ರ ನವೆಂಬರ್‌ನಿಂದ ಮನೆಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಕೂಡದು ಎಂದಿತು. ಒಂದು ಕಿಲೋಗೆ 90 ಮಿಲಿಗ್ರಾಂ, ಒಳ್ಳೆಯ ಮಿತಿ. ಆದರೆ ಅದು ಅನ್ವಯವಾಗುವುದು ಡಬ್ಬಿಗೆ. ಅದಕ್ಕೂ ಮುಂಚೆ ವರ್ಷವರ್ಷ ಬಳಿಸಿಕೊಂಡು ಗೋಡೆಯ ಮೇಲೆ ಕೂತಿರುವ ಏಳೆಂಟು ಪದರವನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲವಾದ್ದರಿಂದ ಅದರ ಉಸಾಬರಿ ಯಾರಿಗೂ ಇಲ್ಲ. ಇನ್ನು ಕೈಗಾರಿಕಾ ಬಣ್ಣ ಈ ನಿಯಮದ ಹೊರಗೆ. ವೆಲ್ಡಿಂಗ್ ಅಂಗಡಿಯಿಂದ ಬರುವ ಜಾರುಬಂಡೆಗೆ ಅಂಥ ಬಣ್ಣ ಬಳಿದಿದ್ದರೆ, ಜಾರುಬಂಡೆಯನ್ನು ಬಾಯ್ಲರ್ ಎಂದು ಭಾವಿಸಿಕೊಂಡರಾಯಿತು.

ನಾವು ಬಣ್ಣದ ಬಗ್ಗೆ ಚರ್ಚೆಯೇ ಮಾಡಿಲ್ಲ ಎನ್ನುವಂತಿಲ್ಲ. 2022ರ ನವೆಂಬರ್‌ನಲ್ಲಿ ಸರ್ಕಾರಿ ಶಾಲೆಗಳಿಗೆ ಕೊಠಡಿ ಕಟ್ಟಿಸುವ 'ವಿವೇಕ' ಯೋಜನೆಯ ಹೊಸ ಕೊಠಡಿಗಳಿಗೆ ಕೇಸರಿ ಬಳಿಯುವ ಮಾತು ಬಂದಾಗ ಕರ್ನಾಟಕವೇ ಎರಡು ಪಾಳಯವಾಯಿತು. ಕೇಸರಿಯೋ ಹಸಿರೋ, ಯಾರ ಬಣ್ಣ, ಯಾಕೆ ಆ ಬಣ್ಣ ಎಂದು ಟಿವಿಗಳಲ್ಲಿ ಗಂಟಲು ಹರಿಯಿತು. ಆ ಕೊಠಡಿಗಳಲ್ಲಿ ಸೀಸವಿತ್ತು ಎಂಬ ಆರೋಪ ನಮ್ಮದಲ್ಲ. ಬಣ್ಣದ ಜಾತಿ ಕೇಳಿದ ಇಷ್ಟು ಬಾಯಿಗಳಲ್ಲಿ ಡಬ್ಬಿಯ ಹಿಂಬದಿ ಓದಿದ ಒಂದು ಬಾಯಿಯೂ ಕೇಳಿಸಲಿಲ್ಲ, ಅಷ್ಟೇ.

ಈಗ ಆಗಸ್ಟ್ 15ರ ಹಿಂದಿನ ವಾರಕ್ಕೆ ಬನ್ನಿ. 31ರಿಂದ 100 ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣದ ಅನುದಾನ ವರ್ಷಕ್ಕೆ 25,000 ರೂಪಾಯಿ. ಸೀಮೆಸುಣ್ಣದಿಂದ ಕಕ್ಕಸು ರಿಪೇರಿಯವರೆಗೆ ಎಲ್ಲವೂ ಅದರಲ್ಲೇ. ಉಳಿದದ್ದಕ್ಕೆ ದಾನಿಯೊಬ್ಬರು ಸಿಕ್ಕರೆ ಪೇಂಟರ್ ಬರುತ್ತಾನೆ. ಬಾಯಿಗೆ ಟವಲ್ ಸುತ್ತಿ, ಒಣ ಎಮರಿ ಪೇಪರ್ ಹಿಡಿದು, ಪಾಠ ನಡೆಯುತ್ತಿರುವಾಗಲೇ ಪಕ್ಕದ ಕೋಣೆಯ ಗೋಡೆ ಉಜ್ಜುತ್ತಾನೆ. ಅಲ್ಲಿಯವರೆಗೆ ಪದರಗಳ ಅಡಿಯಲ್ಲಿ ಸುಮ್ಮನೆ ಮಲಗಿದ್ದ ಸೀಸ ಹಿಟ್ಟಿನಷ್ಟು ನುಣ್ಣಗಾಗಿ ಏಳುತ್ತದೆ. ಲೆಕ್ಕ ನೋಡಿ: ಚದರ ಸೆಂಟಿಮೀಟರಿಗೆ 1 ಮಿಲಿಗ್ರಾಂ ಸೀಸವಿರುವ ಹಳೆ ಬಣ್ಣವನ್ನು ಬರೀ ಒಂದು ಚದರ ಅಡಿ ಉಜ್ಜಿದರೆ ಸುಮಾರು 929 ಮಿಲಿಗ್ರಾಂ ಸೀಸ. ಅದು 20 ಅಡಿಗೆ 20 ಅಡಿಯ ಕೋಣೆಯ ನೆಲದ ಮೇಲೆ ಹರಡಿದರೆ ಚದರ ಅಡಿಗೆ 2,300 ಮೈಕ್ರೋಗ್ರಾಂ. ಅಮೆರಿಕ 2019ರಲ್ಲಿ ನೆಲದ ದೂಳಿಗೆ ಹಾಕಿಕೊಂಡ ಮಿತಿ 10. ನಮ್ಮಲ್ಲಿ ಆ ನೆಲವನ್ನು ಒಣ ಪೊರಕೆಯಲ್ಲಿ ಗುಡಿಸಿ, ಕೂತ ದೂಳನ್ನು ಮತ್ತೊಮ್ಮೆ ಗಾಳಿಗೆಬ್ಬಿಸಿ, ಮಕ್ಕಳನ್ನು ಸಾಲಾಗಿ ಕೂರಿಸಿ ಬಿಸಿಯೂಟ ಬಡಿಸುತ್ತೇವೆ.

ಬೇರೆ ದಾರಿಗೆ ರಾಕೆಟ್ ವಿಜ್ಞಾನ ಬೇಕಿಲ್ಲ. ಗಟ್ಟಿಯಾಗಿ ಹಿಡಿದಿರುವ ಬಣ್ಣವನ್ನು ಕೆರೆಯದೆ ಅದರ ಮೇಲೇ ಬಳಿಯಬಹುದು. ಕಿತ್ತು ಬರುವ ಕಡೆ ನೀರು ಚಿಮುಕಿಸಿ ಒದ್ದೆಯಲ್ಲೇ ಉಜ್ಜಬೇಕು. ಸುತ್ತ ಆರಡಿ ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ ಅಂಚಿಗೆ ಟೇಪ್ ಅಂಟಿಸಬೇಕು. ಬೇಸಿಗೆ ರಜೆಯಲ್ಲೇ ಮುಗಿಸಬೇಕು. ಬ್ಲೋ ಲ್ಯಾಂಪ್ ಹಚ್ಚಿ ಸುಟ್ಟರೆ ಸೀಸ ಹೊಗೆಯಾಗಿ ಪೇಂಟರನ ಎದೆಗೇ ಇಳಿಯುತ್ತದೆ. ಕೊನೆಗೆ ನೆಲ ಒರೆಸಲು ಎರಡು ಬಕೆಟ್: ಒಂದರಲ್ಲಿ ಸೋಪಿನ ನೀರು, ಇನ್ನೊಂದು ಬಟ್ಟೆ ಜಾಲಿಸಲು. ಒಂದೇ ಬಕೆಟ್ಟಾದರೆ ಸೀಸವನ್ನು ಕೋಣೆಯಿಡೀ ಸಮಾನವಾಗಿ ಹಂಚಿದಂತೆ, ಸಾಮಾಜಿಕ ನ್ಯಾಯ. ಕಿಟಕಿ, ಬಾಗಿಲುಗಳು ಚೌಕಟ್ಟಿಗೆ ತಿಕ್ಕುವ ಅಂಚಿನಲ್ಲಂತೂ ಹೊಸ ಬಣ್ಣ ನಿಲ್ಲುವುದಿಲ್ಲ. ತೆರೆದು ಮುಚ್ಚಿದಾಗೆಲ್ಲ ಹಳೆಯದು ಪುಡಿಯಾಗಿ ಉದುರುತ್ತದೆ. ಬಳಿದದ್ದರ ಫೋಟೋ ಮಾತ್ರ ಚೆನ್ನಾಗಿ ಬರುತ್ತದೆ.

ಅಪರೂಪಕ್ಕೆ ಪರೀಕ್ಷೆಯೂ ಆಗುವುದುಂಟು. ಸೀಸ ತಾಗಿದರೆ ಬಣ್ಣ ಬದಲಿಸುವ ಕಿಟ್ಟಿನ ಕಡ್ಡಿಯನ್ನು ಗೋಡೆಗೆ ಒತ್ತುತ್ತಾರೆ, ಕಡ್ಡಿಯ ಬಣ್ಣ ಬದಲಾಗುವುದಿಲ್ಲ, "ಸೀಸಮುಕ್ತ" ಎಂದು ಬರೆದುಕೊಳ್ಳುತ್ತಾರೆ. ಕಡ್ಡಿ ಮುಟ್ಟಿದ್ದು ಹೋದ ವರ್ಷದ ಪದರವನ್ನು. ಮುದುಕನ ಹೇರ್ ಡೈ ನೋಡಿ ವಯಸ್ಸು ಇಪ್ಪತ್ತೈದು ಎಂದಂತೆ. ಬ್ಲೇಡಿನಿಂದ ಗಾರೆ ಕಾಣುವವರೆಗೆ ಕೊಯ್ದು, ಎಲ್ಲ ಪದರಗಳೂ ಸೇರಿದ ಚಕ್ಕೆಯನ್ನು ಲ್ಯಾಬಿಗೆ ಕಳಿಸಬೇಕು. ಆದರೆ ಹಾಗೆ ಕೊಯ್ದರೆ ಗೋಡೆ ವಿಕಾರವಾಗುತ್ತದೆ, ಬಿಇಒ ಸಾಹೇಬರ ವಿಸಿಟ್ ಬೇರೆ ಇದೆ.

ದೊಡ್ಡವರ ಹೊಟ್ಟೆಗಿಂತ ಮಕ್ಕಳ ಹೊಟ್ಟೆ ಸೀಸವನ್ನು ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ಮೈಯಲ್ಲಿ ಕಬ್ಬಿಣ, ಸುಣ್ಣದ ಅಂಶ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಜ್ವರವಿಲ್ಲ, ಕೆಮ್ಮಿಲ್ಲ. ಗಮನ ನಿಲ್ಲುವುದಿಲ್ಲ, ಕಲಿತದ್ದು ತಲೆಯಲ್ಲಿ ಕೂರುವುದಿಲ್ಲ. ಅದಕ್ಕೆ ನಮ್ಮಲ್ಲಿ ರಕ್ತಪರೀಕ್ಷೆಗಿಂತ ಅಗ್ಗದ ಪತ್ತೆಕ್ರಮವಿದೆ: "ಇವನ ತಲೇಲಿ ಬರೀ ಮಣ್ಣು."

ಸಂಜೆ ಕೆಲಸ ಮುಗಿಯುತ್ತದೆ. ಕೆರೆದ ಚಕ್ಕೆಗಳು ಶಾಲೆಯ ಕೈತೋಟದ ಬದನೆ ಗಿಡದ ಬುಡ ಸೇರುತ್ತವೆ. ಪೇಂಟರ್ ಬ್ರಷ್ಷು, ಪುಟ್ಟಿ ಬ್ಲೇಡು ಅದ್ದಿ ತೊಳೆದ 20 ಲೀಟರಿನ ಡಬ್ಬವನ್ನು ಬಿಸಾಡಲು ಯಾರಿಗೂ ಮನಸ್ಸಿಲ್ಲ, ಗಟ್ಟಿಮುಟ್ಟಾಗಿದೆ. ಎರಡು ಸಲ ಅಲುಬಿ, ನೀರು ತುಂಬಿಸಿ, ಮಗ್ಗೊಂದನ್ನು ತೇಲಿಬಿಟ್ಟು ಅಡುಗೆಮನೆ ಬಾಗಿಲಲ್ಲಿ ಇಡುತ್ತಾರೆ, ಮಕ್ಕಳು ಊಟಕ್ಕೆ ಮುಂಚೆ ಕೈ ತೊಳೆದುಕೊಳ್ಳಲಿ ಎಂದು.