ಹೊಟ್ಟೇಲಿ ಹುಳ ಇದ್ರೆ ದಮ್ಮು ಬರಲ್ಲ ಅನ್ನೋ ಮೆಸೇಜ್ ಬಗ್ಗೆ

ಹೊಟ್ಟೇಲಿ ಜಂತುಹುಳ ಇದ್ರೆ ಮಕ್ಕಳಿಗೆ ಅಲರ್ಜಿ, ದಮ್ಮು ಬರಲ್ಲ, ಶಾಲೇಲಿ ಕೊಡೋ ಮಾತ್ರೆ ನುಂಗಿಸ್ಬೇಡಿ ಅಂತ ತೀರ್ಥಹಳ್ಳಿ ಕಡೆ ಗ್ರೂಪ್‌ಗಳಲ್ಲಿ ಓಡಾಡ್ತಿರೋ ಮೆಸೇಜ್ ದಯವಿಟ್ಟು ನಂಬ್ಬೇಡಿ. ಅದ್ರಲ್ಲಿ ನಿಜ ಇರೋದು ಇಷ್ಟೇ, ಇಲಿಗಳ ಕರುಳಿಗೆ ಒಂದು ಜಾತಿ ಹುಳ ಸೇರಿಸಿದಾಗ ರೋಗನಿರೋಧಕ ವ್ಯವಸ್ಥೇನ ಹದ್ದುಬಸ್ತಲ್ಲಿಡೋ ಟಿ ಜೀವಕೋಶಗಳು ಜಾಸ್ತಿಯಾಗಿ ಶ್ವಾಸಕೋಶದ ಅಲರ್ಜಿ ಊತ ಕಮ್ಮಿಯಾಗಿತ್ತು, 2005ರಲ್ಲೇ ಪ್ರಕಟ ಆಗಿದೆ. ಆದ್ರೆ ಇಂಗ್ಲೆಂಡಲ್ಲಿ ದಮ್ಮಿನವ್ರಿಗೇ ಕೊಕ್ಕೆಹುಳ ಹತ್ತಿಸಿ ನೋಡಿದಾಗ ಹೇಳ್ಕೊಳ್ಳೋ ಅಂಥ ಗುಣ ಕಾಣ್ಲಿಲ್ಲ. ದುಂಡುಹುಳ ಅಂತೂ ಉಲ್ಟಾ, ಅದರ ಮರಿಗಳು ಶ್ವಾಸಕೋಶ ಹಾದೇ ಕರುಳಿಗೆ ಬರೋದು, ಕೆಮ್ಮು ಉಬ್ಬಸ ಅವೇ ತರಿಸ್ಬಹುದು. ಅಡಿಕೆ ತೋಟದ ಹಸಿ ಮಣ್ಣಲ್ಲಿ ಬರಿಗಾಲಲ್ಲಿ ಓಡಾಡೋ ನಮ್ಮ ಮಲೆನಾಡ ಮಕ್ಕಳಿಗೆ ಕೊಕ್ಕೆಹುಳ ಹತ್ತಿದ್ರೆ ರಕ್ತಹೀನತೆ ಆಗುತ್ತೆ ಕಣ್ರಿ, ಫೆಬ್ರವರಿ, ಆಗಸ್ಟಲ್ಲಿ ಶಾಲೇಲಿ ಕೊಡೋ ಜಂತುಹುಳದ ಮಾತ್ರೆ ಆಲ್ಬೆಂಡಜೋಲ್ ತಪ್ಪಿಸ್ಬೇಡಿ.