66ಎ ಕೇಸಿನ ಬೆದರಿಕೆ: ಒಂದು ಸ್ಪಷ್ಟನೆ

ಕಲಬುರಗಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ತಿರುಗಾಡುತ್ತಿದೆ: 'ಸರ್ಕಾರದ ವಿರುದ್ಧ ಬರೀಬ್ಯಾಡ್ರಿ, 66ಎ ಅಡಿ ಮೂರು ವರ್ಷ ಜೈಲು. ಪತ್ರಕರ್ತರಿಗಷ್ಟೇ ವಿನಾಯಿತಿ.' ಎರಡೂ ಸುಳ್ಳು.

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆ ಕಲಮನ್ನು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಆಮೇಲೂ ಅಲ್ಲಲ್ಲಿ ಕೇಸು ಹಾಕುತ್ತಲೇ ಇದ್ದರು. ಯಾರ ಮೇಲೂ ಹಾಕಕೂಡದೆಂದು 2022ರಲ್ಲಿ ಕೋರ್ಟು ಮತ್ತೆ ಹೇಳಬೇಕಾಯಿತು. ನಾಚಿಕೆಗೇಡು, ಇನ್ನೇನು!

ಪತ್ರಿಕೆಯವರಿಗೆಂದು ಸಂವಿಧಾನದಲ್ಲಿ ಬೇರೆ ಹಕ್ಕಿಲ್ಲ. ವಾಕ್ ಸ್ವಾತಂತ್ರ್ಯ ಕೊಡುವ 19(1)(ಎ) ವಿಧಿ ಸಂಪಾದಕರಿಗೂ ಜಗತ್ ಸರ್ಕಲ್‌ನಲ್ಲಿ ಚಹಾ ಮಾರುವವರಿಗೂ ಒಂದೇ. ಮಾನಹಾನಿ, ಅಪರಾಧಕ್ಕೆ ಪ್ರಚೋದನೆಯಂಥವಕ್ಕೆ 19(2)ರ ಮಿತಿ ಇದೆ, ಬೇರೆ ಕಲಮುಗಳಡಿ ಕೇಸಾಗಬಹುದು. 'ರಸ್ತೆ ಕೆಟ್ಟಿದೆ, ಶಾಸಕರ ಕೆಲಸ ಸರಿಯಿಲ್ಲ' ಎಂಬ ಅಭಿಪ್ರಾಯ ಇವ್ಯಾವುದರಲ್ಲೂ ಬರುವುದಿಲ್ಲ.